ಅಲಬಾಮದ ಅಂಧ ಗಾಯಕರು: ಒಂದು ಮೇಳದ ಎಂಬತ್ತು ವರ್ಷಗಳ ಚರಿತ್ರೆ

ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿದ ಈ ಕೃತಜ್ಞತೆಯ ಸಂದರ್ಭದಲ್ಲಿ, ದೇವಾಲಯ ಸಂಗೀತವನ್ನು ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸ್ಮರಣ ಸಂಚಿಕೆಯ ಸಮಿತಿಯವರು ನಮ್ಮನ್ನು ಕೇಳಿಕೊಂಡರು. ನಮ್ಮ ಗಾನವೃಂದದ ಇತಿಹಾಸವನ್ನು ಹಿರಿಯರೊಬ್ಬರು ಇದೇ ಸಂಚಿಕೆಯಲ್ಲಿ ಬರೆಯುತ್ತಿರುವುದರಿಂದ ಅದನ್ನೇ ಮತ್ತೆ ಹೇಳುವುದು ಉಚಿತವೆನಿಸಲಿಲ್ಲ. ಬದಲಾಗಿ, ಕಡಲಾಚೆಯ ಒಂದು ಮೇಳದ ಚರಿತ್ರೆಯನ್ನು ನಮ್ಮ ಭಕ್ತಾದಿಗಳ ಮುಂದಿಡಲು ಮನಸ್ಸು ಮಾಡಿದ್ದೇವೆ. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿರುವ ಅಲಬಾಮ ರಾಜ್ಯದ ‘ಬ್ಲೈಂಡ್ ಬಾಯ್ಸ್’ ಎಂಬ ಗಾಯಕರ ಮೇಳವೇ ಅದು.

ಈ ಗಾಯಕರು ಕಥೋಲಿಕರಲ್ಲ. ಪ್ರೊಟೆಸ್ಟೆಂಟ್ ದೇವಾಲಯಗಳ ಹಾಡಿನ ಸಂಪ್ರದಾಯದಲ್ಲಿ ಬೆಳೆದವರು. ಹಾಗಿದ್ದ ಮೇಲೆ ನಮ್ಮ ಶತಮಾನೋತ್ಸವದ ಪುಟಗಳಲ್ಲಿ ಅವರಿಗೇನು ಸ್ಥಾನವೆಂದು ಯಾರಾದರೂ ಕೇಳಬಹುದು. ದೇವರ ಸ್ತುತಿಗೆ ಯಾವ ರಾಗ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬ ಪ್ರಶ್ನೆ ನಮ್ಮ ದೇವಾಲಯದ ಗಾನಮಂಟಪದಲ್ಲಿ ಎಷ್ಟೋ ಬಾರಿ ಎದ್ದಿದೆ, ಎಷ್ಟೋ ಬಾರಿ ಮನಸ್ತಾಪಕ್ಕೂ ಕಾರಣವಾಗಿದೆ. ಆ ಪ್ರಶ್ನೆಗೆ ಈ ಕಣ್ಣಿಲ್ಲದ ಗಾಯಕರು ತಮ್ಮ ಬಾಳಿನಿಂದಲೇ ಕೊಟ್ಟ ಉತ್ತರ ನಮ್ಮ ಕಣ್ಣನ್ನೂ ತೆರೆಸಬಲ್ಲದೆಂದು ನಾವು ನಂಬಿದ್ದೇವೆ.

ಒಂದೇ ಮನೆಯ ಎರಡು ಮಕ್ಕಳು

ಆಫ್ರಿಕಾ ಖಂಡದಿಂದ ಸರಪಳಿ ಬಿಗಿದು ತರಲಾದ ಜನರ ಸಂತತಿಗೆ ಅಮೆರಿಕದಲ್ಲಿ ದಾಸ್ಯದಿಂದ ಕಾನೂನಿನ ಬಿಡುಗಡೆ ದೊರೆತದ್ದು 1865ರಲ್ಲಿ. ಬಿಡುಗಡೆಯ ನಂತರವೂ ಬಡತನ, ಅವಮಾನ, ವರ್ಣಭೇದಗಳು ತಪ್ಪಲಿಲ್ಲ. ಹತ್ತಿಯ ಹೊಲಗಳಲ್ಲಿ ದುಡಿಯುತ್ತಿದ್ದ ಈ ಜನರ ಗೋಳಿನಿಂದ ಎರಡು ಬಗೆಯ ಹಾಡುಗಳು ಹೊರಹೊಮ್ಮಿದವು. ದೇವರನ್ನು ಕೂಗಿ ಕರೆಯುವ ಹಾಡು ಒಂದು. ಅದರ ಕವಲೇ ಮುಂದೆ ‘ಗಾಸ್ಪೆಲ್’, ಅಂದರೆ ಶುಭಸಂದೇಶದ ಗೀತೆ, ಎನಿಸಿತು. ಮನುಷ್ಯನ ಒಂಟಿತನವನ್ನೂ ಮುರಿದ ಸಂಸಾರವನ್ನೂ ಬರಿದಾದ ಜೇಬನ್ನೂ ತೋಡಿಕೊಳ್ಳುವ ಹಾಡು ಇನ್ನೊಂದು. ಅದಕ್ಕೆ ‘ಬ್ಲೂಸ್’ ಎಂದು ಹೆಸರು. ಬ್ಲೂಸ್ ಹಾಡಿನ ಸಾಮಾನ್ಯ ರೂಪ ಬಹು ಸರಳ. ಹನ್ನೆರಡು ಅಳತೆಗಳ ಒಂದು ಆವರ್ತ. ಮೊದಲ ಸಾಲನ್ನು ಎರಡು ಸಲ ಹಾಡಿ ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ, ಗಾಂಧಾರ ನಿಷಾದಗಳನ್ನು ತುಸು ತಗ್ಗಿಸಿ, ಬಳುಕಿಸಿ ಹಾಡುವುದರಿಂದ ಅದಕ್ಕೆ ಕೊರಗಿನ ಬಣ್ಣ ಬರುತ್ತದೆ.

ಒಂದೇ ಮನೆಯಲ್ಲಿ ಹುಟ್ಟಿದ ಈ ಎರಡು ಮಕ್ಕಳನ್ನು ದೈವಭೀರುಗಳಾದ ಹಿರಿಯರು ಒಂದೇ ಪಂಕ್ತಿಯಲ್ಲಿ ಕೂರಿಸಲು ಒಪ್ಪಲಿಲ್ಲ. ದೇವಾಲಯದ ಹಾಡು ದೇವರದು, ಬ್ಲೂಸ್ ಸೈತಾನನದು ಎಂಬ ಮಾತು ಮನೆಮನೆಯಲ್ಲಿ ನಡೆಯುತ್ತಿತ್ತು. ಬ್ಲೂಸ್ ಸಂಗೀತದ ಪಿತಾಮಹನೆಂದು ಪ್ರಸಿದ್ಧರಾದ ಡಬ್ಲ್ಯು. ಸಿ. ಹ್ಯಾಂಡಿಯವರು 1873ರಲ್ಲಿ ಇದೇ ಅಲಬಾಮದ ಫ್ಲಾರೆನ್ಸ್ ಎಂಬ ಊರಿನಲ್ಲಿ ಒಬ್ಬ ಮೆಥಡಿಸ್ಟ್ ಬೋಧಕರ ಮಗನಾಗಿ ಹುಟ್ಟಿದವರು. ಬಾಲಕನಾಗಿದ್ದಾಗ ಕೂಡಿಟ್ಟ ದುಡ್ಡಿನಿಂದ ಗಿಟಾರೊಂದನ್ನು ಕೊಂಡು ಮನೆಗೆ ತಂದರು. ಅದು ಪಾಪದ ವಸ್ತುವೆಂದು ತಂದೆ ಸಿಡಿದೆದ್ದರು. ಅಂಗಡಿಗೆ ಹಿಂದಿರುಗಿಸಿ ಅದರ ಬದಲಿಗೆ ಒಂದು ದೊಡ್ಡ ನಿಘಂಟನ್ನು ತರುವಂತೆ ಮಾಡಿದರು. ಮಗನಿಗೆ ಆರ್ಗನ್ ಕಲಿಸಲು ಏರ್ಪಾಡನ್ನೂ ಮಾಡಿದರು. ಮಗನಾದರೋ 1912ರಲ್ಲಿ ‘ಮೆಂಫಿಸ್ ಬ್ಲೂಸ್’, 1914ರಲ್ಲಿ ‘ಸೇಂಟ್ ಲೂಯಿಸ್ ಬ್ಲೂಸ್’ ಕೃತಿಗಳನ್ನು ಪ್ರಕಟಿಸಿ ಲೋಕವಿಖ್ಯಾತರಾದರು.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದವರು ಥಾಮಸ್ ಎ. ಡಾರ್ಸಿ. ಇವರೂ ಬೋಧಕರ ಮಗನೇ. ಯೌವನದಲ್ಲಿ ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಿಂದ ಪ್ರಖ್ಯಾತ ಬ್ಲೂಸ್ ಗಾಯಕಿ ಮಾ ರೇನಿಯವರಿಗೆ ಪಿಯಾನೊ ನುಡಿಸುತ್ತಿದ್ದವರು. 1932ರಲ್ಲಿ ಹೆರಿಗೆಯ ವೇಳೆ ಪತ್ನಿಯೂ, ಅದರ ಬೆನ್ನಿಗೇ ಹಸುಗೂಸೂ ತೀರಿಕೊಂಡಾಗ ಆ ದುಃಖದಲ್ಲಿ ಅವರು ರಚಿಸಿದ ‘ಪ್ರೆಶಸ್ ಲಾರ್ಡ್’ ಎಂಬ ಪ್ರಾರ್ಥನಾಗೀತೆ ಇಂದು ಜಗತ್ತಿನ ನಾನಾ ಕ್ರೈಸ್ತಸಭೆಗಳಲ್ಲಿ ಕೇಳಿಬರುತ್ತದೆ. ಬ್ಲೂಸ್ ಹಾಡಿನ ನಡೆಯನ್ನೇ ಅವರು ದೇವಾಲಯದೊಳಕ್ಕೆ ತಂದರು. ಮೊದಮೊದಲು ಅನೇಕ ದೇವಾಲಯಗಳು ಅವರಿಗೆ ಬಾಗಿಲು ಮುಚ್ಚಿದವು. ಈ ವಾಗ್ವಾದದ ನಡುವೆಯೇ ನಮ್ಮ ಅಂಧ ಬಾಲಕರು ಹಾಡಲು ಕಲಿತರು.

ಟಲಡೇಗಾದ ಶಾಲೆ

ಅಲಬಾಮದ ಟಲಡೇಗಾ ಎಂಬ ಊರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಸರ್ಕಾರಿ ಶಾಲೆಯೊಂದಿತ್ತು. ಅಂಗವೈಕಲ್ಯದಲ್ಲಿಯೂ ವರ್ಣಭೇದವನ್ನು ಬಿಡದಿದ್ದ ಆ ಕಾಲದಲ್ಲಿ ಕಪ್ಪುವರ್ಣದ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಶಾಲೆ. ಬಣ್ಣವನ್ನೇ ಕಾಣಲಾರದ ಮಕ್ಕಳನ್ನು ಬಣ್ಣ ನೋಡಿ ಬೇರ್ಪಡಿಸಿದ ಸಮಾಜದ ಕುರುಡು ಎಂಥದೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಈ ಶಾಲೆಯ ಬಾಲಕರ ಗಾಯನವೃಂದದಲ್ಲಿ, 1939ರ ಸುಮಾರಿಗೆ, ಕೆಲವರು ಒಟ್ಟುಗೂಡಿದರು. ಕ್ಲಾರೆನ್ಸ್ ಫೌಂಟನ್, ಜಾರ್ಜ್ ಸ್ಕಾಟ್, ವೆಲ್ಮಾ ಬೋಜ್ಮನ್ ಟ್ರೇಲರ್, ಜಾನಿ ಫೀಲ್ಡ್ಸ್, ಓಲಿಸ್ ಥಾಮಸ್ ಎಂಬ ದೃಷ್ಟಿಹೀನರು. ಇವರ ಜೊತೆಗೆ ಕಣ್ಣು ಕಾಣುತ್ತಿದ್ದ ಜೆ. ಟಿ. ಹಟ್ಟನ್ ಒಬ್ಬರು. ಜಿಮ್ಮಿ ಕಾರ್ಟರ್ ಎಂಬ ಇನ್ನೂ ಚಿಕ್ಕ ಹುಡುಗನೂ ಅದೇ ಶಾಲೆಯ ವಿದ್ಯಾರ್ಥಿ. ಅಮೆರಿಕದ ಅಧ್ಯಕ್ಷರಾಗಿದ್ದ ಅದೇ ಹೆಸರಿನವರೊಡನೆ ಇವರನ್ನು ಬೆರೆಸಬಾರದು. ಕ್ಲಾರೆನ್ಸ್ ಫೌಂಟನ್ ಎರಡರ ಪ್ರಾಯದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದರು. ಶಾಲೆಯಲ್ಲಿ ಕಲಿಸುತ್ತಿದ್ದುದು ಅಕ್ಷರ, ಕೈಕಸುಬು ಹಾಗೂ ಶಿಸ್ತಿನ ವೃಂದಗಾನ. ಆದರೆ ಮಕ್ಕಳ ಕಿವಿಯನ್ನು ಸೆಳೆದದ್ದು ರೇಡಿಯೊದಲ್ಲಿ ಬರುತ್ತಿದ್ದ ಗೋಲ್ಡನ್ ಗೇಟ್ ಕ್ವಾರ್ಟೆಟ್ ಎಂಬ ಮೇಳದ ಹಾಡು. ಅದನ್ನು ಕೇಳಿ ಕೇಳಿ, ಕಂಠಪಾಠ ಮಾಡಿ, ತಮ್ಮತಮ್ಮಲ್ಲೇ ಧ್ವನಿಗಳನ್ನು ಹಂಚಿಕೊಂಡು ಹಾಡತೊಡಗಿದರು. ಯುದ್ಧದ ಕಾಲವಾದ್ದರಿಂದ ಸಮೀಪದ ಸೈನಿಕ ಶಿಬಿರಗಳಲ್ಲಿ ಹಾಡಿ ನಾಲ್ಕು ಕಾಸು ಸಂಪಾದಿಸಿದರು.

ಅಂಧರ ಸಂಗೀತಸಾಧನೆ ಕನ್ನಡಿಗರಾದ ನಮಗೆ ಅಪರಿಚಿತವಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತದ ಊರುಗೋಲನ್ನು ಕೊಟ್ಟರು. ಪಂಚಾಕ್ಷರಿ ಗವಾಯಿಗಳು ದೈವಾಧೀನರಾದ 1944ನೆಯ ಇಸವಿಯಲ್ಲಿಯೇ ಟಲಡೇಗಾದ ಹುಡುಗರು ಶಾಲೆಯನ್ನು ಬಿಟ್ಟು ಹೊರಟರು. ಆ ವರ್ಷ ಜೂನ್ 10ರಂದು ಬರ್ಮಿಂಗ್‌ಹ್ಯಾಮ್ ನಗರದ ಡಬ್ಲ್ಯು.ಎಸ್.ಜಿ.ಎನ್. ಎಂಬ ಬಾನುಲಿ ಕೇಂದ್ರದ ‘ಎಕೋಸ್ ಆಫ್ ದಿ ಸೌತ್’ ಕಾರ್ಯಕ್ರಮದಲ್ಲಿ ಅವರು ಹಾಡಿದರು. ವೃತ್ತಿಗಾಯಕರಾಗಿ ಅವರ ಬಾಳು ಅಂದಿನಿಂದ ಆರಂಭವಾಯಿತು. ಆಗ ಅವರ ಹೆಸರು ‘ಹ್ಯಾಪಿ ಲ್ಯಾಂಡ್ ಜುಬಿಲಿ ಸಿಂಗರ್ಸ್’.

ಹೆಸರು ಬಂದ ಬಗೆ

ದಾರಿ ಸುಲಭವಾಗಿರಲಿಲ್ಲ. 1947ರಲ್ಲಿ ಟ್ರೇಲರ್ ಅಪಘಾತವೊಂದರಲ್ಲಿ ಮೃತರಾದರು. ಮೇಳವು ಕಂಡ ಮೊದಲ ಸಾವು ಅದು. ಮರುವರ್ಷ ನ್ಯೂಜೆರ್ಸಿ ರಾಜ್ಯದ ನುವರ್ಕ್ ನಗರದಲ್ಲಿ ಕಾರ್ಯಕ್ರಮಗಳನ್ನು ಏರ್ಪಡಿಸುವವರೊಬ್ಬರು ಇವರನ್ನೂ, ಮಿಸಿಸಿಪ್ಪಿ ರಾಜ್ಯದಿಂದ ಬಂದ ಇನ್ನೊಂದು ಅಂಧರ ಮೇಳವನ್ನೂ ಒಂದೇ ವೇದಿಕೆಗೆ ಕರೆಸಿ, ‘ಅಂಧ ಬಾಲಕರ ಕಾಳಗ’ ಎಂದು ಪ್ರಚಾರ ಮಾಡಿದರು. ಪ್ರಚಾರಕ್ಕಾಗಿ ಹುಟ್ಟಿದ ಹೆಸರು ಎರಡು ಮೇಳಗಳಿಗೂ ಶಾಶ್ವತವಾಗಿ ಅಂಟಿಕೊಂಡಿತು. ಇವರು ‘ಅಲಬಾಮದ ಐವರು ಅಂಧ ಬಾಲಕರು’ ಆದರು. ಅವರು ‘ಮಿಸಿಸಿಪ್ಪಿಯ ಐವರು ಅಂಧ ಬಾಲಕರು’ ಆದರು. ಕಾಳಗವೆಂದು ಕರೆಸಿಕೊಂಡವರು ಮುಂದೆ ಜೊತೆಯಾಗಿ ಊರೂರು ತಿರುಗಿ ಹಾಡಿದ್ದು ದೇವರ ವಿನೋದವೆನ್ನಬೇಕು.

ಅದೇ ದಶಕದ ಕೊನೆಯಲ್ಲಿ ಧ್ವನಿಮುದ್ರಣಗೊಂಡ ಇವರ ಮೊದಲ ಜನಪ್ರಿಯ ಹಾಡಿನ ಶೀರ್ಷಿಕೆಯ ಅರ್ಥ, ಎಲ್ಲರ ತಾಯಂದಿರನ್ನೂ ಕಾಣಬಲ್ಲೆ, ನನ್ನ ತಾಯಿಯನ್ನು ಮಾತ್ರ ಕಾಣಲಾರೆ ಎಂದು. ಕಣ್ಣಿಲ್ಲದವರ ಬಾಯಿಂದ ಈ ಮಾತು ಬಂದಾಗ ಸಭೆಯಲ್ಲಿ ಕಂಬನಿ ಮಿಡಿಯದವರು ಯಾರಿದ್ದಾರು?

ಇವರು ಹಾಡುತ್ತಿದ್ದ ರೀತಿಯನ್ನು ನಮ್ಮ ಗಾನವೃಂದದವರು ಗಮನಿಸಬೇಕು. ಕ್ವಾರ್ಟೆಟ್ ಎಂದರೆ ನಾಲ್ವರ ಮೇಳವೆಂದು ಅರ್ಥ. ಆದರೆ ಗಾಸ್ಪೆಲ್ ಸಂಪ್ರದಾಯದಲ್ಲಿ ಆ ಮಾತು ಜನರ ಸಂಖ್ಯೆಯನ್ನಲ್ಲ, ಧ್ವನಿಗಳ ನಾಲ್ಕು ಪದರಗಳನ್ನು ಸೂಚಿಸುತ್ತದೆ. ಐವರೋ ಆರು ಮಂದಿಯೋ ಇದ್ದರೂ ಅದು ಕ್ವಾರ್ಟೆಟ್ಟೇ. ಕೆಳಗೆ ಬಾಸ್ ಧ್ವನಿ ತಳಹದಿಯಂತೆ ನಿಲ್ಲುತ್ತದೆ. ಅದರ ಮೇಲೆ ಬ್ಯಾರಿಟೋನ್, ಟೆನರ್ ಧ್ವನಿಗಳು ಒಂದು ಚಿಕ್ಕ ನುಡಿಯನ್ನು ಮತ್ತೆ ಮತ್ತೆ ಹಾಡುತ್ತವೆ. ಮುಂದಾಳು ಗಾಯಕ ಅದರ ಮೇಲೆ ಬೇಡುತ್ತಾನೆ, ಸಾರುತ್ತಾನೆ, ಕೂಗುತ್ತಾನೆ. ಮೊದಲು ನಯವಾದ, ಲಯಬದ್ಧವಾದ ಹಳೆಯ ಶೈಲಿಯಲ್ಲಿ ಹಾಡುತ್ತಿದ್ದವರು ಕ್ರಮೇಣ ಈ ಉಗ್ರಭಕ್ತಿಯ ಶೈಲಿಗೆ ಬಂದರು. ಫೌಂಟನ್ ಅವರ ಒರಟಾದ ಗಂಭೀರ ಕಂಠ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ವೃಂದನಾಯಕನ ಕೈಸನ್ನೆ ಕಾಣದವರು ಒಟ್ಟಿಗೆ ಹಾಡಬೇಕಾದರೆ ಒಬ್ಬರ ಉಸಿರನ್ನು ಇನ್ನೊಬ್ಬರು ಆಲಿಸಲೇಬೇಕು. ಕಣ್ಣಿದ್ದ ನಾವು ಎಷ್ಟೋ ವೇಳೆ ಪಕ್ಕದವರನ್ನು ಕೇಳದೆಯೇ ಹಾಡಿಬಿಡುತ್ತೇವೆ.

ಒಲ್ಲೆವೆಂದ ಹಣ

1953ರಿಂದ 1957ರವರೆಗೆ ಇವರು ಸ್ಪೆಷಾಲ್ಟಿ ಎಂಬ ಧ್ವನಿಮುದ್ರಣ ಸಂಸ್ಥೆಗೆ ಹಾಡಿದರು. ಇವರ ಚರಿತ್ರೆಯ ಅತ್ಯಂತ ದೊಡ್ಡ ಪರೀಕ್ಷೆ ಬಂದದ್ದು ಈ ದಶಕದಲ್ಲಿ. 1954ರಲ್ಲಿ ರೇ ಚಾರ್ಲ್ಸ್ ಎಂಬ ಅಂಧ ಸಂಗೀತಗಾರರು ಗಾಸ್ಪೆಲ್ ಗೀತೆಯೊಂದರ ಧಾಟಿಯನ್ನು ತೆಗೆದುಕೊಂಡು, ಯೇಸುವಿನ ಹೆಸರಿದ್ದ ಕಡೆ ಹೆಣ್ಣೊಬ್ಬಳನ್ನು ಕುರಿತ ಮಾತುಗಳನ್ನು ಇಟ್ಟು ಹಾಡಿದರು. ಹಾಡು ದೇಶವನ್ನೆಲ್ಲ ಗೆದ್ದಿತು. ಅದೇ ಸ್ಪೆಷಾಲ್ಟಿ ಸಂಸ್ಥೆಯಲ್ಲಿ ‘ಸೋಲ್ ಸ್ಟಿರರ್ಸ್’ ಎಂಬ ಗಾಸ್ಪೆಲ್ ಮೇಳದ ಮುಂದಾಳಾಗಿದ್ದ ಸುಂದರ ಕಂಠದ ತರುಣ ಸ್ಯಾಮ್ ಕುಕ್, 1957ರಲ್ಲಿ ಪ್ರೇಮಗೀತೆಗಳ ಕಡೆಗೆ ತಿರುಗಿ, ಅದೇ ವರ್ಷ ದೇಶದ ಅಗ್ರಶ್ರೇಣಿಯ ಗಾಯಕರಾದರು. ಅಂಧ ಗಾಯಕರಿಗೂ ಇಂತಹ ಕರೆ ಬಂದಿತು. ಮಾತು ಬದಲಾಯಿಸಿ ಹಾಡಿದರೆ ಹಣ ಹರಿದು ಬರುತ್ತದೆ ಎಂದರು. ಫೌಂಟನ್ ಮತ್ತು ಸಂಗಡಿಗರು ಒಪ್ಪಲಿಲ್ಲ.

ಇದನ್ನು ಓದುವಾಗ ಅವರ ಸ್ಥಿತಿಯನ್ನು ನೆನಪಿಗೆ ತಂದುಕೊಳ್ಳಬೇಕು. ದಕ್ಷಿಣದ ಊರುಗಳಲ್ಲಿ ಕಪ್ಪುವರ್ಣೀಯರಿಗೆ ಹೋಟೆಲುಗಳಲ್ಲಿ ಊಟವಿಲ್ಲ, ವಸತಿಗೃಹಗಳಲ್ಲಿ ಹಾಸಿಗೆಯಿಲ್ಲ. ತಮ್ಮ ಜನರ ಮನೆಗಳಲ್ಲಿ ಆಶ್ರಯ ಪಡೆದು, ಮೋಟಾರಿನಲ್ಲಿ ನೂರಾರು ಮೈಲಿ ಪಯಣಿಸಿ, ದೇವಾಲಯಗಳಲ್ಲಿ, ಶಾಲೆಗಳ ಸಭಾಂಗಣಗಳಲ್ಲಿ ಹಾಡಿ, ಬಂದ ಹಣವನ್ನು ಹಂಚಿಕೊಳ್ಳಬೇಕಾಗಿದ್ದ ಅಂಧರು ಅವರು. ಅಂಥವರು ಒಲ್ಲೆವೆಂದದ್ದು ತುಂಬಿದ ಹೊಟ್ಟೆಯವರ ವೈರಾಗ್ಯವಲ್ಲ. ಸ್ಯಾಮ್ ಕುಕ್ ಅವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. 1964ರ ಡಿಸೆಂಬರಿನಲ್ಲಿ, ಮೂವತ್ತಮೂರರ ಪ್ರಾಯದಲ್ಲಿ, ಗುಂಡೇಟಿಗೆ ಬಲಿಯಾದ ಆ ಪ್ರತಿಭಾವಂತನ ಆತ್ಮವನ್ನು ದೇವರ ಕರುಣೆಗೆ ಒಪ್ಪಿಸೋಣ. ಅವರು ತಮಗೆ ಸರಿಕಂಡ ದಾರಿಯಲ್ಲಿ ನಡೆದರು. ಇವರು ದೇವರಿಗೆ ಕೊಟ್ಟ ಮಾತನ್ನು ಉಳಿಸಿಕೊಂಡರು. ಮುಂದಿನ ದಶಕದಲ್ಲಿ ಕಪ್ಪುವರ್ಣೀಯರ ಹಕ್ಕುಗಳಿಗಾಗಿ ಮಾರ್ಟಿನ್ ಲೂಥರ್ ಕಿಂಗ್ ಅವರು ನಡೆಸಿದ ಹೋರಾಟದ ಸಹಾಯಾರ್ಥವೂ ಇವರು ಹಾಡಿದರು.

ನಿಷ್ಠೆಗೆ ತಕ್ಷಣದ ಬಹುಮಾನ ಬರಲಿಲ್ಲ. ಕೇಳುಗರ ರುಚಿ ಬದಲಾಯಿತು. 1969ರಲ್ಲಿ ಫೌಂಟನ್ ಮೇಳವನ್ನು ಬಿಟ್ಟು ಒಂಟಿಯಾಗಿ ಹಾಡಲು ಹೊರಟರು. ಸುಮಾರು ಹತ್ತು ವರ್ಷಗಳ ನಂತರ ಮರಳಿ ಬಂದರು. ಬಿಟ್ಟುಹೋದವರನ್ನು ಮೇಳವು ಬಾಗಿಲಲ್ಲಿ ನಿಲ್ಲಿಸದೆ ಮತ್ತೆ ಸೇರಿಸಿಕೊಂಡಿತೆಂಬುದನ್ನು ನಮ್ಮ ಎಲ್ಲ ಸಂಘ ಸಂಸ್ಥೆಗಳವರು ಗಮನಿಸುವುದು ಒಳ್ಳೆಯದು.

ಅವರ ದೆಸೆ ತಿರುಗಿದ್ದು ಒಂದು ನಾಟಕದಿಂದ. ಪ್ರಾಚೀನ ಗ್ರೀಕ್ ಕವಿ ಸೊಫೊಕ್ಲಿಸನು, ಕಣ್ಣು ಕಳೆದುಕೊಂಡ ಈಡಿಪಸ್ ರಾಜನ ಕೊನೆಯ ದಿನಗಳನ್ನು ಕುರಿತು ಬರೆದ ನಾಟಕವನ್ನು ಲೀ ಬ್ರೂಯರ್ ಮತ್ತು ಬಾಬ್ ಟೆಲ್ಸನ್ ಎಂಬವರು ‘ದಿ ಗಾಸ್ಪೆಲ್ ಅಟ್ ಕೊಲೋನಸ್’ ಎಂಬ ಹೆಸರಿನಲ್ಲಿ ಗಾಸ್ಪೆಲ್ ಸಂಗೀತ ನಾಟಕವನ್ನಾಗಿ ರೂಪಿಸಿದರು. 1983ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಅದು ರಂಗಕ್ಕೇರಿದಾಗ, ಅಂಧ ರಾಜನ ಪಾತ್ರವನ್ನು ಹಾಡಿದವರು ಫೌಂಟನ್ ಮತ್ತು ಅವರ ಮೇಳದವರು. 1988ರಲ್ಲಿ ಅದು ಬ್ರಾಡ್‌ವೇ ರಂಗಭೂಮಿಯನ್ನೂ ಕಂಡಿತು. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಾ ಸಂಸ್ಥೆಯು ಇವರಿಗೆ ಪರಂಪರಾ ಗೌರವವನ್ನು ನೀಡಿತು. ಶಾಲೆ ಬಿಟ್ಟು ಐವತ್ತು ವರ್ಷಗಳಾದ ಮೇಲೆ ಬಂದ ಮನ್ನಣೆ ಅದು.

ರಾಗ ಬೀದಿಯದು, ಮಾತು ದೇವರದು

ಈಗ ನಾವು ಮುಖ್ಯ ವಿಷಯಕ್ಕೆ ಬಂದಿದ್ದೇವೆ. 2001ರಲ್ಲಿ ‘ಸ್ಪಿರಿಟ್ ಆಫ್ ದಿ ಸೆಂಚುರಿ’ ಎಂಬ ಇವರ ಧ್ವನಿಮುದ್ರಿಕೆ ಹೊರಬಂದಿತು. ಫೌಂಟನ್, ಸ್ಕಾಟ್, ಕಾರ್ಟರ್ ಮೂವರೂ ಎಪ್ಪತ್ತರ ಅಂಚಿನಲ್ಲಿದ್ದರು. ಅವರೊಡನೆ ನುಡಿಸಿದವರಲ್ಲಿ ಜಾನ್ ಹ್ಯಾಮಂಡ್, ಚಾರ್ಲಿ ಮಸಲ್‌ವೈಟ್‌ರಂತಹ ಹೆಸರಾಂತ ಬ್ಲೂಸ್ ಸಂಗೀತಗಾರರಿದ್ದರು. ಆ ಮುದ್ರಿಕೆಯಲ್ಲಿ ‘ಅಮೇಜಿಂಗ್ ಗ್ರೇಸ್’ ಎಂಬ ಸುಪ್ರಸಿದ್ಧ ಸ್ತುತಿಗೀತೆಯಿದೆ. ದಾಸರನ್ನು ಸಾಗಿಸುವ ಹಡಗಿನ ನಾಯಕನಾಗಿದ್ದು, ಬಳಿಕ ಆಂಗ್ಲಿಕನ್ ಗುರುವಾದ ಜಾನ್ ನ್ಯೂಟನ್ ಅವರ ರಚನೆ ಅದು, 1779ರಲ್ಲಿ ಪ್ರಕಟವಾಯಿತು. ಆದರೆ ಅಂಧ ಗಾಯಕರು ಅದನ್ನು ರೂಢಿಯ ರಾಗದಲ್ಲಿ ಹಾಡಲಿಲ್ಲ. ನ್ಯೂ ಆರ್ಲಿಯನ್ಸ್ ನಗರದ ಕುಖ್ಯಾತ ಮನೆಯೊಂದರಲ್ಲಿ ಹಾಳಾದ ಬಾಳಿನ ಕಥೆಯನ್ನು ಹೇಳುವ ‘ಹೌಸ್ ಆಫ್ ದಿ ರೈಸಿಂಗ್ ಸನ್’ ಎಂಬ ಹಳೆಯ ಲಾವಣಿಯ ರಾಗಕ್ಕೆ ಅದನ್ನು ಅಳವಡಿಸಿ ಹಾಡಿದರು. ಎರಡರ ಛಂದಸ್ಸೂ ಒಂದಕ್ಕೊಂದು ಹೊಂದುವುದರಿಂದ ಮಾತುಗಳು ರಾಗದಲ್ಲಿ ಸಲೀಸಾಗಿ ಕೂಡಿಕೊಂಡವು.

ಕೆಲವರಿಗೆ ಇದು ಅಪಚಾರವೆನಿಸಬಹುದು. ನಮಗೆ ಹಾಗೆನಿಸಲಿಲ್ಲ. ಹಾಳಾದವನ ರಾಗದಲ್ಲಿಯೇ ದೇವರ ಕೃಪೆಯ ಮಾತು ಕೇಳಿಬಂದಾಗ, ಸುಂಕದವರೊಡನೆ ಊಟಕ್ಕೆ ಕುಳಿತ ನಮ್ಮ ಪ್ರಭುವಿನ ನೆನಪಾಗುತ್ತದೆ. 1950ರ ದಶಕದಲ್ಲಿ ಮಾತನ್ನು ಬದಲಿಸಲು ಒಲ್ಲೆವೆಂದವರೇ 2001ರಲ್ಲಿ ರಾಗವನ್ನು ಬದಲಿಸಲು ಒಪ್ಪಿದರು. ಇವೆರಡರ ನಡುವೆ ವಿರೋಧವಿಲ್ಲ. ಯಾರನ್ನು ಕುರಿತು ಹಾಡುತ್ತೇವೆ ಎಂಬುದರಲ್ಲಿ ಅವರು ಎಳ್ಳಷ್ಟೂ ಸಡಿಲ ಬಿಡಲಿಲ್ಲ. ಯಾವ ಧಾಟಿಯಲ್ಲಿ ಹಾಡುತ್ತೇವೆ ಎಂಬುದರಲ್ಲಿ ಅಂಜಲಿಲ್ಲ.

ಆ ಮುದ್ರಿಕೆಗೆ 2002ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. 2005ರವರೆಗೆ ಸತತ ನಾಲ್ಕು ವರ್ಷ ಇವರಿಗೆ ಆ ಪ್ರಶಸ್ತಿ ಬಂದಿತು. 2009ರಲ್ಲಿ ಜೀವಮಾನ ಸಾಧನೆಯ ಗೌರವವೂ ಸಂದಿತು. 2010ರ ಫೆಬ್ರುವರಿಯಲ್ಲಿ ಅಧ್ಯಕ್ಷ ಬರಾಕ್ ಒಬಾಮ ಅವರ ಸಮ್ಮುಖದಲ್ಲಿ, ಶ್ವೇತಭವನದಲ್ಲಿ, ಹಕ್ಕುಗಳ ಹೋರಾಟದ ಹಾಡುಗಳನ್ನು ಹಾಡುವ ಅವಕಾಶ ಒದಗಿತು. ಹಿಂದೆ ಹೋಟೆಲಿನ ಬಾಗಿಲು ದಾಟಲು ಬಿಡದ ದೇಶವು ಅವರನ್ನು ತನ್ನ ಅಧ್ಯಕ್ಷರ ಮನೆಯೊಳಕ್ಕೆ ಕರೆದೊಯ್ದಿತು.

ಮೂಲ ಸದಸ್ಯರು ಒಬ್ಬೊಬ್ಬರಾಗಿ ಕಾಲವಶರಾದರು. ಜಾರ್ಜ್ ಸ್ಕಾಟ್ 2005ರಲ್ಲಿ, ಜಾನಿ ಫೀಲ್ಡ್ಸ್ 2009ರಲ್ಲಿ ತೀರಿಕೊಂಡರು. ಸಕ್ಕರೆ ಕಾಯಿಲೆಯಿಂದ ಬಳಲಿ ಪ್ರವಾಸವನ್ನು ನಿಲ್ಲಿಸಿದ್ದ ಫೌಂಟನ್ 2018ರ ಜೂನ್ 3ರಂದು, ಎಂಬತ್ತೆಂಟರ ವಯಸ್ಸಿನಲ್ಲಿ ನಿಧನರಾದರು. ಮೇಳ ನಿಲ್ಲಲಿಲ್ಲ. ಜಿಮ್ಮಿ ಕಾರ್ಟರ್ ತೊಂಬತ್ತರ ಗಡಿಯವರೆಗೂ ಮುಂದಾಳಾಗಿ ಹಾಡಿದರು. ಇಪ್ಪತ್ತಮೂರರ ಪ್ರಾಯದಲ್ಲಿ ಗ್ಲಾಕೋಮಾ ರೋಗದಿಂದ ದೃಷ್ಟಿ ಕಳೆದುಕೊಂಡು, ತಾಳವಾದ್ಯಗಾರರಾಗಿ ಮೇಳವನ್ನು ಸೇರಿದ ರಿಕಿ ಮೆಕಿನ್ನಿ ಮುಂದೆ ನಾಯಕತ್ವವನ್ನು ವಹಿಸಿಕೊಂಡರು. ಕಣ್ಣು ಕಾಣುವ ಗಿಟಾರ್ ವಾದಕ ಜೋಯಿ ವಿಲಿಯಮ್ಸ್ ಅವರಿಗೆ ಬಲಗೈಯಾದರು. 2023ರಲ್ಲಿ ಹೊರಬಂದ ಮುದ್ರಿಕೆಗೆ ಅವರು ಇಟ್ಟ ಹೆಸರು ‘ಎಕೋಸ್ ಆಫ್ ದಿ ಸೌತ್’. 1944ರಲ್ಲಿ ಶಾಲೆಯಿಂದ ಹೊರಬಂದ ಹುಡುಗರು ಮೊದಲು ಹಾಡಿದ ಬಾನುಲಿ ಕಾರ್ಯಕ್ರಮದ ಹೆಸರೇ ಅದು. ಅದರಲ್ಲಿ ಹಾಡಿದ ಬೆನ್ ಮೂರ್ 2022ರಲ್ಲಿ, ಪೌಲ್ ಬೀಸ್ಲಿ 2023ರಲ್ಲಿ ತೀರಿಕೊಂಡರು. ಅವರ ಕಂಠಗಳು ಆ ಮುದ್ರಿಕೆಯಲ್ಲಿ ಉಳಿದಿವೆ. 2024ರಲ್ಲಿ ಅದಕ್ಕೂ ಗ್ರ್ಯಾಮಿ ಪ್ರಶಸ್ತಿ ಬಂದಿತು.

ಧರ್ಮಸಭೆಯ ಮಾತು

ರಾಗದ ವಿಷಯದಲ್ಲಿ ನಮ್ಮ ಧರ್ಮಸಭೆಯೂ ನಿಧಾನವಾಗಿ, ಎಚ್ಚರದಿಂದ ನಡೆದು ಬಂದಿದೆ. ಸಂತ ಅಗಸ್ಟೀನರು ತಮ್ಮ ‘ನಿವೇದನೆಗಳು’ ಗ್ರಂಥದ ಹತ್ತನೆಯ ಭಾಗದಲ್ಲಿ ಈ ಕಳವಳವನ್ನು ತೋಡಿಕೊಂಡಿದ್ದಾರೆ. ಹಾಡಿದ ಮಾತಿಗಿಂತ ಹಾಡಿನ ಇಂಪೇ ತಮ್ಮ ಮನಸ್ಸನ್ನು ಹೆಚ್ಚು ಸೆಳೆದರೆ ಅದು ತಪ್ಪೆಂದು ಭಾವಿಸಿದವರು ಅವರು. ಆದರೆ ತಾವು ಹೊಸದಾಗಿ ವಿಶ್ವಾಸಕ್ಕೆ ಬಂದಾಗ ದೇವಾಲಯದ ಹಾಡನ್ನು ಕೇಳಿ ಸುರಿಸಿದ ಕಣ್ಣೀರನ್ನು ನೆನೆದು, ಹಾಡನ್ನು ಬಿಡಬಾರದೆಂದೇ ಕೊನೆಗೆ ಒಪ್ಪುತ್ತಾರೆ. ಮಾತು ಮುಂದೆ, ಇಂಪು ಹಿಂದೆ ಎಂಬುದು ಅವರ ಅಳತೆಗೋಲು.

ಜಗದ್ಗುರು ಹತ್ತನೆಯ ಪಿಯುಸ್ ಅವರು 1903ರ ನವೆಂಬರ್ 22ರಂದು, ಸಂತ ಸಿಸಿಲಿಯಾಳ ಹಬ್ಬದ ದಿನ, ಹೊರಡಿಸಿದ ಆಜ್ಞೆಯಲ್ಲಿ ಗ್ರೆಗೋರಿಯನ್ ಗಾನವನ್ನು ಆದರ್ಶವಾಗಿರಿಸಿ, ಪಿಯಾನೊ, ಡೋಲು, ತಾಳಗಳನ್ನು ದೇವಾಲಯದೊಳಗೆ ನಿಷೇಧಿಸಿದರು. ಬ್ಯಾಂಡಿನವರಿಗೆ ಹೊರಗಿನ ಮೆರವಣಿಗೆಯಲ್ಲಿ ಮಾತ್ರ ಅವಕಾಶ. ರಂಗಮಂದಿರದ ಆಡಂಬರ ಬಲಿಪೂಜೆಯನ್ನು ನುಂಗುತ್ತಿದ್ದ ಅಂದಿನ ಯೂರೋಪಿಗೆ ಅದು ಬೇಕಾಗಿದ್ದ ಔಷಧ. ಅರವತ್ತು ವರ್ಷಗಳ ನಂತರ, 1963ರ ಡಿಸೆಂಬರ್ 4ರಂದು, ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಯನ್ನು ಕುರಿತ ತನ್ನ ಶಾಸನದಲ್ಲಿ ಗ್ರೆಗೋರಿಯನ್ ಗಾನದ ಅಗ್ರಸ್ಥಾನವನ್ನು ಉಳಿಸಿಕೊಂಡೇ, ಆಯಾ ಜನಾಂಗದ ಸಂಗೀತ ಪರಂಪರೆಗೆ ತಕ್ಕ ಮನ್ನಣೆಯನ್ನು ಕೊಡಬೇಕೆಂದಿತು; ದೇವಾಲಯದ ಘನತೆಗೆ ಒಗ್ಗುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ನಮ್ಮ ಕನ್ನಡ ಕೀರ್ತನೆಗಳು ಹಾರ್ಮೋನಿಯಂ, ತಬಲಗಳೊಡನೆ ಬಲಿಪೀಠದ ಬಳಿಗೆ ಬಂದದ್ದು ಈ ಬಾಗಿಲಿನಿಂದಲೇ.

ಅಮೆರಿಕದ ಕಪ್ಪುವರ್ಣದ ಕಥೋಲಿಕರೂ ಇದೇ ಬಾಗಿಲನ್ನು ದಾಟಿದರು. ಸಿನ್ಸಿನಾಟಿಯ ಗುರು ಕ್ಲಾರೆನ್ಸ್ ರಿವರ್ಸ್ ಅವರು 1964ರಲ್ಲಿ ಸೇಂಟ್ ಲೂಯಿಸ್ ನಗರದ ಪೂಜಾವಿಧಿ ಸಮ್ಮೇಳನದಲ್ಲಿ, ಆಂಗ್ಲ ಭಾಷೆಯ ಬಲಿಪೂಜೆಯಲ್ಲಿ, ತಮ್ಮ ಜನರ ಧಾಟಿಯ ಕೀರ್ತನೆಯನ್ನು ಹಾಡಿದಾಗ ಸಭೆ ಎದ್ದು ನಿಂತಿತು. ಮಿಸಿಸಿಪ್ಪಿಯಲ್ಲಿ ಹುಟ್ಟಿ ಫ್ರಾನ್ಸಿಸ್ಕನ್ ಭಗಿನಿಯಾದ ಥಿಯಾ ಬೋಮನ್ ಅವರು 1989ರ ಜೂನ್ ತಿಂಗಳಲ್ಲಿ, ಕ್ಯಾನ್ಸರಿನಿಂದ ಕೃಶರಾಗಿ ಗಾಲಿಕುರ್ಚಿಯಲ್ಲಿ ಕುಳಿತು, ದೇಶದ ಧರ್ಮಾಧ್ಯಕ್ಷರೆಲ್ಲರ ಸಭೆಯಲ್ಲಿ ದಾಸ್ಯದ ಕಾಲದ ಹಾಡನ್ನು ಹಾಡಿದರು. ಕೊನೆಯಲ್ಲಿ ಧರ್ಮಾಧ್ಯಕ್ಷರು ತೋಳಿಗೆ ತೋಳು ಹೆಣೆದು ನಿಂತು ಅವರೊಡನೆ ಹಾಡಿದರು. ಮರುವರ್ಷ ಅವರು ಪ್ರಭುವಿನಲ್ಲಿ ನಿದ್ರೆಹೋದರು. 2018ರಲ್ಲಿ ಅವರ ಸಂತಪದವಿಯ ವಿಚಾರಣೆಗೆ ಧರ್ಮಾಧ್ಯಕ್ಷರು ಸಮ್ಮತಿಯಿತ್ತರು.

ನಮ್ಮ ತಪ್ಪೊಪ್ಪಿಗೆ

ಇಷ್ಟನ್ನು ಬರೆದ ಮೇಲೆ ಒಂದು ಮಾತನ್ನು ಮರೆಮಾಚುವುದು ಸರಿಯಲ್ಲ. ಗುರುದೀಕ್ಷೆ ಪಡೆದ ಹೊಸತರಲ್ಲಿ ನಾವು ಸಹಾಯಕ ಗುರುವಾಗಿದ್ದ ಬೇರೊಂದು ಧರ್ಮಕೇಂದ್ರದಲ್ಲಿ, ಶನಿವಾರ ಸಂಜೆಯ ಅಭ್ಯಾಸಕ್ಕೆ ಕೂಲಿ ಕೆಲಸದ ಯುವಕನೊಬ್ಬ ಗಿಟಾರನ್ನು ಹಿಡಿದು ಬಂದ. ತಾನೇ ಕಟ್ಟಿದ ಕೀರ್ತನೆಯನ್ನು ಕುಣಿತದ ನಡೆಯಿದ್ದ ರಾಗದಲ್ಲಿ ಹಾಡತೊಡಗಿದ. ಗುರುಮಠದ ಗ್ರೆಗೋರಿಯನ್ ಗಾನ ಇನ್ನೂ ಕಿವಿಯಲ್ಲಿ ತುಂಬಿದ್ದ ನಾವು ಎರಡನೆಯ ಸಾಲಿಗೇ ಕೈಯೆತ್ತಿ ನಿಲ್ಲಿಸಿ, “ಇದು ದೇವಾಲಯವಪ್ಪಾ, ಚಿತ್ರಮಂದಿರವಲ್ಲ” ಎಂದುಬಿಟ್ಟೆವು. ಎಲ್ಲರೂ ನಕ್ಕರು. ಅವನು ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತ. ಮುಂದಿನ ಶನಿವಾ ಬರಲಿಲ್ಲ, ಅದರಾಚೆಯೂ ಬರಲಿಲ್ಲ. ಅವನು ಬರೆದ ಮಾತುಗಳನ್ನು ಗಾನವೃಂದದ ಭಗಿನಿಯೊಬ್ಬರು ಬಳಿಕ ನಮಗೆ ತೋರಿಸಿದರು. ದಾವೀದನ ಪಶ್ಚಾತ್ತಾಪದ ಕೀರ್ತನೆಯ ಅರ್ಥವನ್ನೇ ಅವನು ತನ್ನ ಆಡುಮಾತಿನಲ್ಲಿ ಇಳಿಸಿದ್ದ. ನಾವು ರಾಗವನ್ನು ಕೇಳಿದ್ದೆವು, ಮಾತನ್ನು ಕೇಳಿರಲಿಲ್ಲ. ಸಂತ ಅಗಸ್ಟೀನರ ಅಳತೆಗೋಲನ್ನು ಓದಿ ಬಂದಿದ್ದವರು ಅದನ್ನು ತಲೆಕೆಳಗಾಗಿ ಹಿಡಿದಿದ್ದೆವು. ಹ್ಯಾಂಡಿಯವರ ತಂದೆಯಾದರೂ ಗಿಟಾರನ್ನು ಕಿತ್ತುಕೊಂಡು ಮಗನಿಗೆ ಆರ್ಗನ್ ಪಾಠವನ್ನಾದರೂ ಕೊಡಿಸಿದರು. ನಾವು ಆ ಯುವಕನಿಗೆ ಏನನ್ನೂ ಕೊಡಲಿಲ್ಲ.

ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ನಮ್ಮ ಗಾನವೃಂದದ ಹಿರಿಯರಲ್ಲಿಯೂ ಕಿರಿಯರಲ್ಲಿಯೂ ನಾವು ಕೇಳಿಕೊಳ್ಳುವುದು ಇಷ್ಟೆ. ಹೊಸ ಕೀರ್ತನೆಯನ್ನು ಯಾರೇ ತಂದರೂ ಮೊದಲು ಅದರ ಮಾತನ್ನು ಓದಿ. ಮಾತು ವಿಶ್ವಾಸಕ್ಕೆ ಒಪ್ಪುವಂತಿದ್ದರೆ, ರಾಗ ಬಲಿಪೂಜೆಯ ಘನತೆಗೆ ಹೊಂದುವಂತೆ ತಿದ್ದಲು ಹಿರಿಯರು ಪಕ್ಕದಲ್ಲಿ ಕುಳಿತು ನೆರವಾಗಲಿ. ತಿದ್ದಿದರೂ ಹೊಂದದಿದ್ದರೆ ದೇವಾಲಯದ ಹೊರಗಿನ ಕೂಟಗಳಲ್ಲಿ ಅದಕ್ಕೆ ಸ್ಥಾನವಿರಲಿ. ಯುವಕರಾದರೂ, ಲೋಕದ ಧಾಟಿಯನ್ನು ತರುವಾಗ ಲೋಕದ ಮಾತನ್ನೂ ಜೊತೆಗೆ ತರದಂತೆ ಎಚ್ಚರವಹಿಸಲಿ. ಕಣ್ಣು ಕಾಣದವರು, ನಡೆಯಲಾರದವರು ಗಾನಮಂಟಪದ ಮೆಟ್ಟಿಲನ್ನು ಹತ್ತಲಾರರೆಂದು ಮನೆಯಲ್ಲಿ ಉಳಿದಿದ್ದರೆ, ಗಾನವೃಂದವೇ ಕೆಳಗಿಳಿದು ಅವರಿಗೂ ಸ್ಥಳವನ್ನು ಮಾಡಿಕೊಡಲಿ. ಬರುವ ಶನಿವಾರದಿಂದ ಸಂಜೆಯ ಅಭ್ಯಾಸಕ್ಕೆ ನಾವೂ ಬರುತ್ತೇವೆ. ಹಾಡು ಮುಗಿಯುವವರೆಗೆ ಕೈಯೆತ್ತುವುದಿಲ್ಲವೆಂದು ಮಾತು ಕೊಡುತ್ತೇವೆ.

ಅಲಬಾಮದ ಅಂಧ ಗಾಯಕರು ವೇದಿಕೆಗೆ ಬರುವಾಗ ಮುಂದಿನವರ ಭುಜದ ಮೇಲೆ ಹಿಂದಿನವರು ಕೈಯಿರಿಸಿಕೊಂಡು ಸಾಲಾಗಿ ನಡೆದು ಬರುತ್ತಾರೆ. ನಮ್ಮ ಧರ್ಮಕೇಂದ್ರದ ನೂರು ವರ್ಷಗಳೂ ಹೀಗೆಯೇ ನಡೆದು ಬಂದಿವೆ. ಮುಂದೆ ನಡೆದ ಹಿರಿಯರ ಆತ್ಮಗಳಿಗೆ ಪ್ರಭು ನಿತ್ಯಶಾಂತಿಯನ್ನು ಕರುಣಿಸಲಿ. ಹಿಂದೆ ಬರುವ ಮಕ್ಕಳ ಕೈಗೆ ನಮ್ಮ ಭುಜ ಸಿಗುವಂತೆ ಮಾಡಲಿ. ದೇವಮಾತೆ ಮರಿಯಮ್ಮನವರೂ, ಗಾಯಕರ ಪಾಲಕಿಯಾದ ಸಂತ ಸಿಸಿಲಿಯಾಳೂ ನಮ್ಮ ಗಾನವೃಂದಕ್ಕಾಗಿ ಪ್ರಾರ್ಥಿಸಲಿ. ದೂರದೇಶದಲ್ಲಿ ದೂರವಾಣಿಯಿಲ್ಲದೆ, ವಿಳಾಸವಿಲ್ಲದೆ ನಮ್ಮಿಂದ ದೂರವಾದ ಆ ಗಿಟಾರಿನ ಯುವಕ ಎಲ್ಲಿಯೇ ಇದ್ದರೂ ದೇವರು ಅವನ ಹಾಡನ್ನು ಕೇಳಿರಲಿ, ನಮ್ಮನ್ನು ಕ್ಷಮಿಸಲಿ.